ಬಯಲುಸೀಮೆಯಿಂದ ಕಡಲಿಗೆ: ಹಾಯಿದೋಣಿಯಲ್ಲಿ ಹೊರಡುವವರು ಲಂಗರಿನಿಂದ ಆರಂಭಿಸಲಿ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಘಟ್ಟ ಇಳಿದು ಕಾರವಾರಕ್ಕೋ ಮಲ್ಪೆಗೋ ಹೋಗಿ ಹಾಯಿದೋಣಿ ನಡೆಸಲು ಬಯಸುವವರು ಸಾಮಾನ್ಯವಾಗಿ ಮೊದಲು ಕೇಳುವುದು ದೋಣಿಯನ್ನು ಓಡಿಸುವ ಬಗೆಯನ್ನು. ದೋಣಿಯನ್ನು ನಿಲ್ಲಿಸುವುದು ಹೇಗೆ, ನಿಂತ ದೋಣಿ ರಾತ್ರಿಯಿಡೀ ಅದೇ ಜಾಗದಲ್ಲಿ ಇರುವಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ಅದಕ್ಕಿಂತ ಮೊದಲು ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಂಜಿನ್ ಕೆಟ್ಟು, ಹಾಯಿ ಹರಿದು, ಗಾಳಿಯು ದೋಣಿಯನ್ನು ದಡದ ಬಂಡೆಗಳ ಕಡೆಗೆ ತಳ್ಳುತ್ತಿರುವಾಗ ಕೈಯಲ್ಲಿ ಉಳಿಯುವ ಸಾಧನ ಲಂಗರು ಮತ್ತು ಅದರ ಹಗ್ಗ ಮಾತ್ರ. ಇವೆರಡನ್ನೂ ಕಡಲನ್ನು ನೋಡುವ ಮೊದಲೇ, ನಮ್ಮ ಜಿಲ್ಲೆಗಳ ನೀರಿನ ದಂಡೆಯಲ್ಲಿಯೇ ಚೆನ್ನಾಗಿ ಕಲಿಯಬಹುದು.

ಅಭ್ಯಾಸಕ್ಕೆ ಎರಡು ದೊಡ್ಡ ನೀರಿನ ಹರವುಗಳು ನಮಗಿವೆ. ಒಂದು, ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರ್ಣಗೊಳಿಸಿದ ವಾಣಿವಿಲಾಸ ಸಾಗರ. ಇನ್ನೊಂದು, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ. ಎರಡೂ ಕಡೆ ದೋಣಿ ಇಳಿಸುವ ಮುನ್ನ ಜಲಾಶಯದ ಅಧಿಕಾರಿಗಳ ಅನುಮತಿ ಪಡೆಯಬೇಕು. ಅಲ್ಲಿನ ಮೀನುಗಾರರನ್ನು ಮಾತನಾಡಿಸಿ ಬಲೆಗಳು ಎಲ್ಲಿವೆ, ಕಳೆ ಎಲ್ಲಿ ಬೆಳೆದಿದೆ, ನೀರಿನಡಿ ಮರದ ಬೊಡ್ಡೆಗಳು ಎಲ್ಲಿವೆ ಎಂದು ತಿಳಿದುಕೊಳ್ಳಬೇಕು. ವಾಣಿವಿಲಾಸ ಸಾಗರವು 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದದ್ದನ್ನು ನಮ್ಮ ಭಾಗದವರೆಲ್ಲ ಬಲ್ಲರು. ಕೋಡಿ ಹರಿಯುತ್ತಿರುವಾಗ ಅದರ ಕಡೆಗೆ, ಮತ್ತು ಯಾವ ಕಾಲದಲ್ಲಿಯೂ ತೂಬಿನ ಹತ್ತಿರಕ್ಕೆ, ದೋಣಿ ಒಯ್ಯಬಾರದು. ಅಲ್ಲಿನ ಸೆಳೆತಕ್ಕೆ ಹುಟ್ಟು ಹಾಕಿ ಎದುರು ನಿಲ್ಲುವುದು ಆಗದ ಕೆಲಸ.

ಮೊದಲ ಹಂತ: ಮೈಮೇಲಿನ ಜಾಕೆಟ್ಟು

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಲೈಫ್ ಜಾಕೆಟ್ಟುಗಳ ತೇಲಿಸುವ ಶಕ್ತಿಯನ್ನು ನ್ಯೂಟನ್ ಲೆಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. 50 ನ್ಯೂಟನ್ ಎಂದಿರುವುದು ಈಜು ಬಲ್ಲವನಿಗೆ ದಡದ ಸಮೀಪದಲ್ಲಿ ನೆರವಾಗುವಂಥದ್ದು ಮಾತ್ರ. ತೆರೆದ ಕಡಲಿಗೆ ಹೋಗುವವರಿಗೆ 150 ನ್ಯೂಟನ್‌ನದು ಬೇಕು, ಅದು ಎಚ್ಚರ ತಪ್ಪಿದವನನ್ನೂ ಮುಖ ಮೇಲಾಗುವಂತೆ ತಿರುಗಿಸಲೆಂದು ರೂಪಿಸಿದ್ದು. ಗಾಳಿ ತುಂಬಿಕೊಳ್ಳುವ ಬಗೆಯ ಜಾಕೆಟ್ಟಾದರೆ ಒಳಗಿನ ಅನಿಲದ ಸಿಲಿಂಡರನ್ನು ಕೈಯಿಂದ ಬಿಗಿಯಾಗಿ ತಿರುಗಿಸಿ ನೋಡಿ, ತುಕ್ಕು ಹಿಡಿದಿದ್ದರೆ ಬದಲಾಯಿಸಿ. ತೊಡೆಯ ನಡುವಿನ ಪಟ್ಟಿಯನ್ನು ಕಟ್ಟದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ಟು ತಲೆಯ ಮೇಲಕ್ಕೆ ಜಾರುತ್ತದೆ, ಅದನ್ನು ಕಟ್ಟಿಕೊಂಡೇ ದೋಣಿ ಹತ್ತಿ. ಕೆರೆಯ ಸಿಹಿನೀರಿನಲ್ಲಿ ಎಲ್ಲ ವಸ್ತುಗಳೂ ಕಡಲಿನ ಉಪ್ಪುನೀರಿಗಿಂತ ತುಸು ಆಳಕ್ಕೆ ಇಳಿದು ತೇಲುತ್ತವೆ. ಆದ್ದರಿಂದ ಕೆರೆಯಲ್ಲಿ ಜಾಕೆಟ್ಟು ಬೇಡ ಎನ್ನುವ ವಾದಕ್ಕೆ ಯಾವ ಆಧಾರವೂ ಇಲ್ಲ.

ಎರಡನೆಯ ಹಂತ: ಲಂಗರನ್ನು ಅರಿಯುವುದು

ಲಂಗರು ತನ್ನ ತೂಕದಿಂದಲೇ ದೋಣಿಯನ್ನು ಹಿಡಿದು ನಿಲ್ಲಿಸುತ್ತದೆ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. 10 ಕಿಲೋ ತೂಕದ ಕಬ್ಬಿಣವು ಹಲವು ಟನ್ ತೂಗುವ ದೋಣಿಯನ್ನು ತೂಕದಿಂದ ಹಿಡಿಯಲು ಸಾಧ್ಯವೇ ಇಲ್ಲ. ಲಂಗರು ಹಿಡಿಯುವುದು ನೆಲದೊಳಗೆ ಹೂತುಕೊಂಡು, ನೇಗಿಲಿನ ಗುಳ ಮಣ್ಣಿಗೆ ಇಳಿಯುವಂತೆ. ಅದು ಹೂತುಕೊಳ್ಳಬೇಕಾದರೆ ಎಳೆತವು ನೆಲಕ್ಕೆ ಸಮಾನಾಂತರವಾಗಿರಬೇಕು. ಎಳೆತ ಮೇಲ್ಮುಖವಾದ ಕೂಡಲೇ ಅದು ಕಿತ್ತು ಬರುತ್ತದೆ.

ಇದನ್ನು ಕಣ್ಣಾರೆ ನೋಡಲು ದೋಣಿಯೇ ಬೇಕಾಗಿಲ್ಲ. ಬೇಸಿಗೆಯಲ್ಲಿ ಸೂಳೆಕೆರೆಯ ನೀರು ಹಿಂದೆ ಸರಿದಾಗ ಅಂಚಿನಲ್ಲಿ ಹಸಿ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಲಂಗರನ್ನು ಅಲ್ಲಿ ಮಲಗಿಸಿ, 10 ಮೀಟರ್ ಹಗ್ಗ ಬಿಟ್ಟು, ಹಗ್ಗವನ್ನು ಮೊಣಕಾಲಿನ ಮಟ್ಟದಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಲಂಗರಿನ ಮೂತಿ ಕೆಸರನ್ನು ಸೀಳಿ ಒಳಗಿಳಿಯುತ್ತದೆ, ಇಬ್ಬರು ಸೇರಿ ಎಳೆದರೂ ಅಲುಗದ ಸ್ಥಿತಿಗೆ ಬರುತ್ತದೆ. ಈಗ ಅದರ ಹತ್ತಿರಕ್ಕೆ ಹೋಗಿ, ಎರಡು ಮೀಟರ್ ಹಗ್ಗವನ್ನಷ್ಟೇ ಉಳಿಸಿಕೊಂಡು, ಭುಜದ ಎತ್ತರದಿಂದ ಎಳೆಯಿರಿ. ಅದೇ ಲಂಗರು ಒಬ್ಬರ ಕೈಗೇ ಕಿತ್ತು ಬರುತ್ತದೆ. ಲಂಗರು ಹಾಕುವ ವಿದ್ಯೆಯ ಬಹುಭಾಗ ಈ ಒಂದು ಪ್ರಯೋಗದಲ್ಲಿದೆ, ಆದ್ದರಿಂದ ದೋಣಿಯಲ್ಲಿ ಜೊತೆಗೆ ಬರುವ ಪ್ರತಿಯೊಬ್ಬರ ಕೈಯಲ್ಲೂ ಇದನ್ನು ಮಾಡಿಸಬೇಕು ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಹಾಗಾದರೆ ಎಷ್ಟು ಉದ್ದ ಬಿಡಬೇಕು? ನೀರಿನ ಆಳವನ್ನಷ್ಟೇ ಲೆಕ್ಕ ಹಿಡಿಯುವುದು ಸಾಮಾನ್ಯ ತಪ್ಪು. ಆಳಕ್ಕೆ ದೋಣಿಯ ಮೂತಿಯು ನೀರಿನಿಂದ ಇರುವ ಎತ್ತರವನ್ನೂ, ಕಡಲಲ್ಲಾದರೆ ಭರತದಲ್ಲಿ ನೀರು ಏರುವ ಪ್ರಮಾಣವನ್ನೂ ಸೇರಿಸಬೇಕು. ಇಳಿತದ ಸಮಯದಲ್ಲಿ ಆಳ 4 ಮೀಟರ್ ಇದೆ, ಭರತದಲ್ಲಿ 2 ಮೀಟರ್ ಏರುತ್ತದೆ, ಮೂತಿಯ ಎತ್ತರ 1 ಮೀಟರ್ ಎಂದುಕೊಳ್ಳಿ. ಮೊತ್ತ 7 ಮೀಟರ್ ಆಯಿತು. ಪೂರ್ತಿ ಸರಪಳಿಯೇ ಇದ್ದರೆ ಇದರ ಐದು ಪಟ್ಟು, ಅಂದರೆ 35 ಮೀಟರ್ ಬಿಡಬೇಕು. ಸರಪಳಿಗೆ ಹಗ್ಗ ಜೋಡಿಸಿದ್ದರೆ ಏಳು ಪಟ್ಟು, ಅಂದರೆ 49 ಮೀಟರ್. ಗಾಳಿ ಜೋರಾಗುವ ಸೂಚನೆಯಿದ್ದರೆ, ತಿರುಗಲು ಜಾಗವಿರುವಷ್ಟೂ ಬಿಡಬೇಕು, ಹತ್ತು ಪಟ್ಟಾದರೂ ಹೆಚ್ಚೇನಲ್ಲ. ಬಿಡದೆ ಪೆಟ್ಟಿಗೆಯಲ್ಲಿ ಉಳಿಸಿದ ಹಗ್ಗದಿಂದ ದೋಣಿಗೆ ಯಾವ ಪ್ರಯೋಜನವೂ ಇಲ್ಲ.

ಹಗ್ಗ ಬಳಸುವವರು ಲಂಗರಿನ ಬುಡಕ್ಕೆ ಕನಿಷ್ಠ ದೋಣಿಯಷ್ಟೇ ಉದ್ದದ ಸರಪಳಿಯನ್ನು ಹಾಕಿಕೊಳ್ಳಬೇಕು. 8 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 1.4 ಕಿಲೋ ತೂಗುತ್ತದೆ. ಆ ತೂಕವು ಎಳೆತವನ್ನು ನೆಲಕ್ಕೆ ಹತ್ತಿರ ಇಡುತ್ತದೆ, ಮತ್ತು ಕಲ್ಲಿಗೆ ಉಜ್ಜಿ ಹಗ್ಗ ತುಂಡಾಗುವುದನ್ನು ತಪ್ಪಿಸುತ್ತದೆ. ಸರಪಳಿಯನ್ನೂ ಲಂಗರನ್ನೂ ಜೋಡಿಸುವ ಕೊಂಡಿಯ ತಿರುಪು ತಾನಾಗಿ ಬಿಚ್ಚಿಕೊಳ್ಳದಂತೆ ಅದರ ಕಣ್ಣಿಗೆ ತಂತಿ ಕಟ್ಟಿರಬೇಕು. ಸಣ್ಣ ಮೀನುಗಾರಿಕೆ ದೋಣಿಗಳಲ್ಲಿ ಕಾಣುವ ನಾಲ್ಕು ಕೊಕ್ಕೆಯ ಲಂಗರು ಕಲ್ಲುನೆಲಕ್ಕೆ ಒಳ್ಳೆಯದು. ಆದರೆ ಕರಾವಳಿಯ ಕೆಸರಿನಲ್ಲಿ ರಾತ್ರಿ ಮಲಗುವವರು ಅದನ್ನೊಂದೇ ನಂಬಬಾರದು, ನೇಗಿಲಿನ ಆಕಾರದ ಅಥವಾ ಅಗಲ ಹಲಗೆಯ ಲಂಗರನ್ನೇ ಒಯ್ಯಬೇಕು.

ಹಾಕುವ ಕ್ರಮ ಹೀಗಿದೆ. ಗಾಳಿಗೆ ಮುಖಮಾಡಿ ಬಂದು, ಆಯ್ದ ಜಾಗದಲ್ಲಿ ದೋಣಿ ಪೂರ್ತಿ ನಿಂತ ಮೇಲೆ ಲಂಗರನ್ನು ಕೈಯಿಂದ ಇಳಿಸಿ. ಎಸೆಯಬೇಡಿ, ಎಸೆದರೆ ಸರಪಳಿ ಅದರ ಮೇಲೆಯೇ ರಾಶಿ ಬಿದ್ದು ಸಿಕ್ಕಿಕೊಳ್ಳುತ್ತದೆ. ನೆಲ ಮುಟ್ಟಿದ್ದು ಕೈಗೆ ತಿಳಿದ ಮೇಲೆ ಗಾಳಿಯು ದೋಣಿಯನ್ನು ಹಿಂದಕ್ಕೆ ಒಯ್ಯಲು ಬಿಟ್ಟು, ಅದು ಹಿಂದೆ ಸರಿದಂತೆಲ್ಲ ಹಗ್ಗ ಬಿಡುತ್ತಾ ಹೋಗಿ. ಲೆಕ್ಕದ ಉದ್ದ ಬಿಟ್ಟಾದ ಮೇಲೆ ಕಟ್ಟಿ, ಎಂಜಿನನ್ನು ಹಿಮ್ಮುಖವಾಗಿ ಮೊದಲು ಮೆಲ್ಲಗೆ, ಅನಂತರ ಜೋರಾಗಿ ಅರ್ಧ ನಿಮಿಷ ನಡೆಸಿ. ಈ ವೇಳೆ ದೋಣಿಯ ಬದಿಗೆ ಕಾಣುವ ದಡದಲ್ಲಿ ಒಂದರ ಹಿಂದೆ ಒಂದು ಇರುವ ಎರಡು ಗುರುತುಗಳನ್ನು, ಉದಾಹರಣೆಗೆ ಒಂದು ತೆಂಗಿನ ಮರ ಮತ್ತು ಅದರ ಹಿಂದಿನ ಗುಡ್ಡದ ಬಂಡೆಯನ್ನು, ನೋಡುತ್ತಿರಿ. ಎರಡೂ ಒಂದೇ ಗೆರೆಯಲ್ಲಿ ನಿಂತಿದ್ದರೆ ಲಂಗರು ಹಿಡಿದಿದೆ. ಮರವು ಬಂಡೆಯಿಂದ ನಿಧಾನವಾಗಿ ದೂರ ಸರಿಯುತ್ತಿದ್ದರೆ ಅದು ಜಾರುತ್ತಿದೆ, ಎತ್ತಿ ಮತ್ತೆ ಹಾಕಬೇಕು. ಎರಡು ಮೂರು ಸಲ ಹಾಕಬೇಕಾಗಿ ಬಂದರೆ ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಮೊಬೈಲಿನ ಜಿಪಿಎಸ್ ಎಚ್ಚರಿಕೆ ಗಂಟೆಯನ್ನೂ ಇಟ್ಟುಕೊಳ್ಳಿ, ಆದರೆ ದಡದ ಗುರುತುಗಳನ್ನು ಬಿಡಬೇಡಿ. ಕತ್ತಲಾದ ಮೇಲೆ ಎಲ್ಲ ದಿಕ್ಕಿಗೂ ಕಾಣುವ ಬಿಳಿಯ ದೀಪವನ್ನು, ಹಗಲಿನಲ್ಲಿ ಮುಂಭಾಗದಲ್ಲಿ ಕಪ್ಪು ಚೆಂಡಿನ ಗುರುತನ್ನು ಏರಿಸಬೇಕು.

ವಾಣಿವಿಲಾಸ ಸಾಗರದಂಥ ಜಲಾಶಯದಲ್ಲಿ ನೀರು ತುಂಬಿದಾಗ ಅಂಚಿನ ಮರಗಳು ಮುಳುಗಿರುತ್ತವೆ. ಅಲ್ಲಿ ಲಂಗರಿನ ತಲೆಗೆ ತೆಳುವಾದ ಇನ್ನೊಂದು ಹಗ್ಗ ಕಟ್ಟಿ, ಅದರ ತುದಿಗೆ ಖಾಲಿ ಕ್ಯಾನೊಂದನ್ನು ತೇಲಬಿಡಿ. ಲಂಗರು ಬೊಡ್ಡೆಗೆ ಸಿಕ್ಕಿಕೊಂಡರೆ ಆ ಹಗ್ಗದಿಂದ ಹಿಮ್ಮುಖವಾಗಿ ಎಳೆದು ಬಿಡಿಸಬಹುದು. ಯಾವ ಕಾರಣಕ್ಕೂ ಬಿಡಿಸಲು ನೀರಿಗೆ ಧುಮುಕಬಾರದು.

ಮೂರನೆಯ ಹಂತ: ಹಗ್ಗ ಮತ್ತು ಗಂಟು

ನಮ್ಮ ಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ನೀಲಿ, ಹಸಿರು ಬಣ್ಣದ ಪ್ಲಾಸ್ಟಿಕ್ ಹಗ್ಗ ಪಾಲಿಪ್ರೊಪಿಲೀನ್‌ನದು. ಅದು ನೀರಿನಲ್ಲಿ ತೇಲುತ್ತದೆ, ಆದ್ದರಿಂದ ನೀರಿಗೆ ಬಿದ್ದವರತ್ತ ಎಸೆಯುವ ಹಗ್ಗಕ್ಕೆ ಅದೇ ತಕ್ಕದ್ದು. ಆದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ತೇಲುವುದರಿಂದ ಇತರ ದೋಣಿಗಳ ಪ್ರೊಪೆಲ್ಲರಿಗೂ ಸುತ್ತಿಕೊಳ್ಳುತ್ತದೆ, ಹಾಗಾಗಿ ಲಂಗರಿಗೆ ಅದನ್ನು ಬಳಸಬಾರದು. ಲಂಗರಿಗೆ ನೈಲಾನ್ ಬೇಕು. ಅದು ಮುಳುಗುತ್ತದೆ, ಎಳೆದಾಗ ಹಿಗ್ಗುತ್ತದೆ, ಅಲೆಯ ಜಗ್ಗಾಟವನ್ನು ತಾನೇ ನುಂಗಿಕೊಳ್ಳುತ್ತದೆ. ಹಾಯಿಯನ್ನು ಏರಿಸುವ ಹಗ್ಗಕ್ಕೆ ಹಿಗ್ಗುವ ಗುಣವೇ ದೋಷ, ಅಲ್ಲಿ ಪಾಲಿಯೆಸ್ಟರ್ ಹಗ್ಗ ಬಳಸಬೇಕು. ಹಗ್ಗ ದೋಣಿಯ ಅಂಚಿಗೆ ಉಜ್ಜುವಲ್ಲೆಲ್ಲ ತೋಟದ ಹಳೆಯ ನೀರಿನ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ತೊಡಿಸಿ ಕಟ್ಟಿ. ಗಾಳಿಯ ರಾತ್ರಿಯಲ್ಲಿ ಹಗ್ಗ ಎಳೆತಕ್ಕಿಂತ ಹೆಚ್ಚಾಗಿ ಉಜ್ಜುವಿಕೆಯಿಂದಲೇ ತುಂಡಾಗುತ್ತದೆ.

ಗಂಟುಗಳನ್ನು ಹತ್ತಾರು ಕಲಿಯುವ ಅಗತ್ಯವಿಲ್ಲ. ಬೋಲೈನ್ ಎಂಬ ಜಾರದ ಕುಣಿಕೆ, ಕಂಬಕ್ಕೋ ಬಳೆಗೋ ಎರಡು ಸುತ್ತು ಹಾಕಿ ಮೇಲೆ ಎರಡು ಅರ್ಧಗಂಟು ಹಾಕುವ ಕಟ್ಟು, ದೋಣಿಯ ಕೊಂಬಿನ ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತುವ ಕಟ್ಟು, ದಪ್ಪ ಹಗ್ಗ ಮತ್ತು ತೆಳು ಹಗ್ಗವನ್ನು ಜೋಡಿಸುವ ಗಂಟು, ಇಷ್ಟು ಬಂದರೆ ಬಹುತೇಕ ಎಲ್ಲ ಕೆಲಸವೂ ನಡೆಯುತ್ತದೆ. ಬೋಲೈನ್‌ಗೆ ಹಗ್ಗದ ಮೇಲೆ ಸಣ್ಣ ಕುಣಿಕೆಯೊಂದನ್ನು ಮಾಡಿ, ತುದಿಯನ್ನು ಕೆಳಗಿನಿಂದ ಅದರೊಳಗೆ ತಂದು, ಮುಖ್ಯ ಹಗ್ಗದ ಹಿಂದಿನಿಂದ ಸುತ್ತಿಸಿ, ಅದೇ ಕುಣಿಕೆಯೊಳಗೆ ಮತ್ತೆ ಕೆಳಗಿಳಿಸಿ ಬಿಗಿಯಬೇಕು. ಎಷ್ಟು ಎಳೆದರೂ ಅದು ಜಾರುವುದಿಲ್ಲ, ಎಳೆತ ತಗ್ಗಿದ ಮೇಲೆ ಸುಲಭವಾಗಿ ಬಿಚ್ಚುತ್ತದೆ, ಆದರೆ ಎಳೆತ ಇರುವಾಗ ಬಿಚ್ಚಲಾಗುವುದಿಲ್ಲ ಎಂಬುದನ್ನು ನೆನಪಿಡಿ. ಎಳೆತದ ನಡುವೆಯೇ ಬಿಚ್ಚಬೇಕಾದ ಕಡೆ ಎರಡು ಸುತ್ತಿನ ಕಟ್ಟನ್ನೇ ಹಾಕಿ, ಏಕೆಂದರೆ ಆ ಎರಡು ಸುತ್ತುಗಳು ಭಾರವನ್ನು ಹೊತ್ತುಕೊಂಡಿರುತ್ತವೆ. ಹಗಲಿನಲ್ಲಿ ಕಣ್ಣು ಮುಚ್ಚಿ, ಒದ್ದೆ ಹಗ್ಗದಿಂದ ಹಾಕಲು ಬಂದಾಗಲೇ ಗಂಟು ಬಂದಿದೆ ಎಂದು ತಿಳಿಯಿರಿ.

ರಾಷ್ಟ್ರೀಯ ಹೆದ್ದಾರಿ ಹಾದುಹೋಗುವ ನಮ್ಮ ಊರುಗಳಲ್ಲಿ ಹಗ್ಗದ ವಿದ್ಯೆ ಬಲ್ಲವರಿಗೆ ಕೊರತೆಯಿಲ್ಲ. ಲಾರಿಗೆ ಲೋಡು ಕಟ್ಟುವವರು ಹಗ್ಗದ ನಡುವೆ ಕುಣಿಕೆ ಮಾಡಿ, ಅದರ ಮೂಲಕ ತುದಿಯನ್ನು ಎಳೆದು ಬಿಗಿಯುವ ಕಟ್ಟನ್ನು ನೋಡಿ ಕಲಿಯಿರಿ. ದೋಣಿಯ ಮೇಲ್ಭಾಗದಲ್ಲಿ ಸಣ್ಣ ದೋಣಿಯನ್ನೋ ನೀರಿನ ಕ್ಯಾನುಗಳನ್ನೋ ಅಲುಗದಂತೆ ಕಟ್ಟಲು ಅದಕ್ಕಿಂತ ಒಳ್ಳೆಯದಿಲ್ಲ. ಟಾರ್ಪಾಲಿನ್ ಹೊಲಿಯುವವರ ಬಳಿ ಒಂದು ದಿನ ಕುಳಿತರೆ ಹಾಯಿ ರಿಪೇರಿಯ ಅರ್ಧ ಕೆಲಸ ಬಂದಂತೆಯೇ. ಹಾಯಿಯಲ್ಲಿ ಬಟ್ಟೆಗಿಂತ ಮೊದಲು ಬಿಸಿಲಿಗೆ ಸೋಲುವುದು ಹೊಲಿಗೆಯ ದಾರ. ಹೊಲಿಗೆಯನ್ನು ಉಗುರಿನಿಂದ ಗೀರಿ ನೋಡಿ, ದಾರ ಕಿತ್ತು ಬಂದರೆ ಮೇಣ ಹಚ್ಚಿದ ಪಾಲಿಯೆಸ್ಟರ್ ದಾರದಿಂದ ಅಂಕುಡೊಂಕಾಗಿ ಮತ್ತೊಂದು ಸಾಲು ಹೊಲಿಸಿ.

ನಾಲ್ಕನೆಯ ಹಂತ: ಗಾಳಿಯನ್ನು ಓದುವುದು

ಈ ವಿಷಯದಲ್ಲಿ ಚಿತ್ರದುರ್ಗದವರು ಅದೃಷ್ಟವಂತರು. ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಯಾವಾಗಲೂ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿರುತ್ತವೆ. ಸಾಮಾನ್ಯವಾಗಿ ಗಾಳಿಯ ವೇಗ ಸೆಕೆಂಡಿಗೆ 3ರಿಂದ 4 ಮೀಟರ್, ಅಂದರೆ ಸುಮಾರು 6ರಿಂದ 8 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಆದಾಗ ಅವು ವಿದ್ಯುತ್ ಉತ್ಪಾದಿಸಲು ತೊಡಗುತ್ತವೆ. ದಿನವೂ ಬೆಳಿಗ್ಗೆ, ಮಧ್ಯಾಹ್ನ ಅವುಗಳ ಮುಖವನ್ನು ಗಮನಿಸಿ ಬರೆದಿಡಿ. ಅನಂತರ ಹವಾಮಾನ ಇಲಾಖೆಯ ಮುನ್ಸೂಚನೆಯೊಂದಿಗೆ ಹೋಲಿಸಿ. ಗಾಳಿಯ ದಿಕ್ಕನ್ನು ಗಮನಿಸುವ ಅಭ್ಯಾಸ ಮೈಗೂಡುವುದು ಹೀಗೆಯೇ.

ನೀರಿನ ಮೇಲಾದರೆ, ಬಿರುಸು ಗಾಳಿ ಬರುವಲ್ಲಿ ಮೇಲ್ಮೈ ಕಪ್ಪಾಗಿ ಸುಕ್ಕುಗಟ್ಟಿ ಮುಂದೆ ಸರಿಯುವುದು ಕಾಣುತ್ತದೆ. ಗುಡ್ಡಗಳ ನಡುವಿನ ಕಣಿವೆಯಲ್ಲಿ ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವುದರಿಂದ ಮಾರಿಕಣಿವೆಯಂಥ ಜಾಗದಲ್ಲಿ ದಿಕ್ಕೂ ಬಲವೂ ದಿಢೀರನೆ ಬದಲಾಗಬಹುದು. ಅಲೆಗಳ ತಲೆಯ ಮೇಲೆ ಅಲ್ಲಲ್ಲಿ ಬಿಳಿಯ ನೊರೆ ಕಂಡರೆ ಗಾಳಿ ಸುಮಾರು 10 ನಾಟ್ ತಲುಪಿದೆ, ಎಲ್ಲೆಡೆಯೂ ಬಿಳಿ ನೊರೆಯಾದರೆ 17 ನಾಟ್ ದಾಟಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಹಾಯಿಯನ್ನು ಕಿರಿದು ಮಾಡುವ ಕೆಲಸವನ್ನು ತಡಮಾಡಬಾರದು. ಗಾಳಿ ಹೆಚ್ಚುವ ಮುನ್ಸೂಚನೆಯಿದ್ದರೆ ದಡ ಬಿಡುವ ಮೊದಲೇ ಕಿರಿದು ಮಾಡಿ ಹೊರಡಿ.

ಕಿರಿದು ಮಾಡುವಾಗ ಮೊದಲು ಹಾಯಿಯ ಬಿಗಿ ಸಡಿಲಿಸಿ ಗಾಳಿ ಖಾಲಿ ಮಾಡಿ. ಅನಂತರ ಏರಿಸುವ ಹಗ್ಗವನ್ನು ಗುರುತಿನವರೆಗೆ ಇಳಿಸಿ, ಹಾಯಿಯ ಮುಂಭಾಗದ ಅಂಚಿನಲ್ಲಿರುವ ಕಣ್ಣನ್ನು, ಅಂದರೆ ಬಳೆ ಹಾಕಿದ ತೂತನ್ನು, ಕೊಕ್ಕೆಗೆ ಸಿಕ್ಕಿಸಿ, ಏರಿಸುವ ಹಗ್ಗವನ್ನು ಮತ್ತೆ ಬಿಗಿಮಾಡಿ, ಕೊನೆಗೆ ಹಿಂಭಾಗದ ಹಗ್ಗವನ್ನು ಎಳೆದು ಕಟ್ಟಿ. ದೋಣಿ ದಡದಲ್ಲಿ ಕಟ್ಟಿರುವಾಗಲೇ ಈ ಕ್ರಮವನ್ನು ಮತ್ತೆ ಮತ್ತೆ ಮಾಡಿ ನೋಡಬೇಕು.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ನಮ್ಮಲ್ಲಿ ಗುಡುಗು ಮೋಡ ಕಟ್ಟಿದಾಗ ಮಳೆಗಿಂತ ಮೊದಲು ತಣ್ಣನೆಯ ಬಿರುಗಾಳಿ ನುಗ್ಗುತ್ತದೆ. ಮೋಡ ಕಪ್ಪಾಗುವುದು ಕಂಡ ಕೂಡಲೇ ಹಾಯಿಗಳನ್ನು ಪೂರ್ತಿ ಇಳಿಸಿ ದಡ ಸೇರಿ. ಎತ್ತರದ ಹಾಯಿಕಂಬ ಹೊತ್ತು ಬಯಲು ನೀರಿನಲ್ಲಿರುವುದು ಸಿಡಿಲಿಗೆ ಮೈಯೊಡ್ಡಿದಂತೆ.

ಐದನೆಯ ಹಂತ: ಎಂಜಿನ್, ನೀರು, ಬ್ಯಾಟರಿ

ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟಿ ಅಭ್ಯಾಸವಿರುವವರಿಗೆ ದೋಣಿಯ ಎಂಜಿನ್ ಹೊಸದೇನಲ್ಲ. ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿದರೆ ಇಲ್ಲಿಯೂ ಏರ್ ತೆಗೆಯಬೇಕು, ಫಿಲ್ಟರಿನಲ್ಲಿ ನೀರು ನಿಂತರೆ ಹರಿಸಬೇಕು. ಹೊಸದೆಂದರೆ ಎಂಜಿನನ್ನು ತಂಪಾಗಿಸಲು ಕಡಲ ನೀರನ್ನು ಎಳೆಯುವ ಪಂಪು. ಅದರೊಳಗಿನ ರಬ್ಬರಿನ ಚಕ್ರ ಒಣಗಿ ಓಡಿದರೆ ಬಹಳ ಬೇಗ ಹರಿದುಹೋಗುತ್ತದೆ. ಚಾಲೂ ಮಾಡಿದ ತಕ್ಷಣ ಹಿಂಭಾಗದ ಹೊಗೆಕೊಳವೆಯಿಂದ ನೀರು ಬರುತ್ತಿದೆಯೇ ಎಂದು ನೋಡಿ, ಬರದಿದ್ದರೆ ಕೂಡಲೇ ನಿಲ್ಲಿಸಿ. ಆ ಚಕ್ರದ, ಫಿಲ್ಟರಿನ ಮತ್ತು ಬೆಲ್ಟಿನ ಹೆಚ್ಚುವರಿ ಪ್ರತಿ ದೋಣಿಯಲ್ಲಿರಲಿ. ದೋಣಿಯ ಒಡಲನ್ನು ಕೊರೆದು ಹಾಕಿರುವ ಪ್ರತಿ ಕೊಳವೆಯ ಬಳಿಯೂ ಅದರ ಅಳತೆಗೆ ತಕ್ಕ ಮರದ ಬಿರಡೆಯೊಂದನ್ನು ದಾರದಿಂದ ಕಟ್ಟಿಡಿ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು ಲೆಕ್ಕ ಹಿಡಿದು, ಅದನ್ನು ಒಂದೇ ಟ್ಯಾಂಕಿನಲ್ಲಿ ಇಡದೆ ಹಲವು ಕ್ಯಾನುಗಳಲ್ಲಿ ಹಂಚಿ. ಸೀಸದ ಬ್ಯಾಟರಿಯು ವಿಶ್ರಾಂತಿಯಲ್ಲಿದ್ದಾಗ 12.2 ವೋಲ್ಟ್ ತೋರಿಸಿದರೆ ಅರ್ಧ ಖಾಲಿಯಾಗಿದೆ ಎಂದರ್ಥ, ಅದಕ್ಕಿಂತ ಕೆಳಗಿಳಿಯಲು ಬಿಡಬೇಡಿ.

ಆರನೆಯ ಹಂತ: ಕರಾವಳಿಗೆ ಇಳಿದಾಗ

ನವೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ಕಾಲ ನಮ್ಮ ಕರಾವಳಿಯಲ್ಲಿ ಸಣ್ಣ ದೋಣಿಗಳಿಗೆ ಹೆಚ್ಚು ಅನುಕೂಲ. ಆಗ ರಾತ್ರಿ ಮತ್ತು ಬೆಳಗಿನ ಹೊತ್ತು ನೆಲದ ಕಡೆಯಿಂದ ಮೆಲುಗಾಳಿ ಬೀಸುತ್ತದೆ, ಮಧ್ಯಾಹ್ನ ಕಡಲಿನಿಂದ, ಬಹುತೇಕ ವಾಯುವ್ಯದಿಂದ, ಗಾಳಿ ಎದ್ದು ಸಂಜೆಗೆ ತಗ್ಗುತ್ತದೆ. ಮುಂಗಾರಿನಲ್ಲಿ ಹೋಗುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಮುಂಗಾರಿನ ಹಿಂದುಮುಂದಿನ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಏಳುತ್ತವೆ, 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಗೆ ಮಾಡಿದ ಹಾನಿ ಇನ್ನೂ ಜನರ ನೆನಪಿನಲ್ಲಿದೆ. ಹೈದರಾಬಾದಿನ ಇಂಕಾಯಿಸ್ ಸಂಸ್ಥೆ ಪ್ರಕಟಿಸುವ ಅಲೆಯ ಎತ್ತರದ ಮುನ್ಸೂಚನೆಯನ್ನು ಹೊರಡುವ ದಿನ ಬೆಳಿಗ್ಗೆ ನೋಡಲೇಬೇಕು.

ಕೆರೆಯಲ್ಲಿ ಕಲಿತವರಿಗೆ ಕಡಲಿನಲ್ಲಿ ಪೂರ್ತಿ ಹೊಸದಾಗಿ ಎದುರಾಗುವುದು ಅಳಿವೆ. ನದಿ ಕಡಲು ಸೇರುವ ಬಾಯಲ್ಲಿ ಮರಳು ದಿಬ್ಬ ಕಟ್ಟಿರುತ್ತದೆ. ಇಳಿತದ ಹೊತ್ತಿನಲ್ಲಿ ಹೊರಗೆ ಹರಿಯುವ ನೀರು ಒಳಗೆ ಬರುವ ಅಲೆಯನ್ನು ಎದುರಿಸಿದಾಗ ಅಲೆಗಳು ಕಡಿದಾಗಿ ಎದ್ದು ಮುರಿಯುತ್ತವೆ. ಹೊರಗಿನಿಂದ ನೋಡುವವರಿಗೆ ಅಲೆಯ ಬೆನ್ನು ಮಾತ್ರ ಕಾಣುವುದರಿಂದ ಅಪಾಯ ಗೊತ್ತಾಗುವುದೇ ಇಲ್ಲ. ಹೊನ್ನಾವರ, ಗಂಗೊಳ್ಳಿಯಂಥ ಅಳಿವೆಗಳನ್ನು ಭರತ ಏರುತ್ತಿರುವಾಗ, ಹಗಲಿನಲ್ಲಿ, ಸ್ಥಳೀಯ ಮೀನುಗಾರರನ್ನು ಕೇಳಿಯೇ ದಾಟಬೇಕು. ಅನುಮಾನವಿದ್ದರೆ ಹೊರಗೇ ಉಳಿದು ಮುಂದಿನ ಭರತಕ್ಕೆ ಕಾಯಬೇಕು.

ದಾರಿ ಬಿಡುವ ನಿಯಮಗಳಲ್ಲಿ ಮೂರನ್ನಾದರೂ ಬಾಯಿಪಾಠ ಮಾಡಿ. ಎರಡು ಹಾಯಿದೋಣಿಗಳು ಎದುರಾದಾಗ ಎಡಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿ ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಬದಿಯ ಗಾಳಿಯಿದ್ದರೆ ಗಾಳಿಯ ಕಡೆಗಿರುವ ದೋಣಿ ದಾರಿ ಬಿಡಬೇಕು. ಬಲೆ ಎಳೆಯುತ್ತಿರುವ ಮೀನುಗಾರಿಕೆ ದೋಣಿಗೆ ಹಾಯಿದೋಣಿಯೇ ದಾರಿ ಬಿಡಬೇಕು.

ಯಾರಾದರೂ ನೀರಿಗೆ ಬಿದ್ದರೆ ಕೂಗಿ ಎಲ್ಲರಿಗೂ ತಿಳಿಸಿ, ತೇಲುವ ವಸ್ತುವನ್ನು ತಕ್ಷಣ ಎಸೆಯಿರಿ. ಒಬ್ಬರು ಬೇರಾವ ಕೆಲಸವನ್ನೂ ಮಾಡದೆ ಬಿದ್ದವರತ್ತ ಬೆರಳು ತೋರಿಸುತ್ತಲೇ ನಿಲ್ಲಬೇಕು, ಏಕೆಂದರೆ ಅಲೆಗಳ ನಡುವೆ ಒಂದು ತಲೆಯನ್ನು ಕಳೆದುಕೊಳ್ಳಲು ಕ್ಷಣ ಸಾಕು. ಎಂಜಿನ್ ಚಾಲೂ ಮಾಡುವ ಮೊದಲು ನೀರಿನಲ್ಲಿ ಯಾವ ಹಗ್ಗವೂ ಜೋತುಬಿದ್ದಿಲ್ಲ ಎಂದು ಖಚಿತಪಡಿಸಿಕೊಳ್ಳಿ, ಬಿದ್ದವರು ಹತ್ತಿರವಾದಾಗ ಎಂಜಿನನ್ನು ನ್ಯೂಟ್ರಲ್‌ಗೆ ತನ್ನಿ. ಕೆರೆಯಲ್ಲಿ ನೀರು ತುಂಬಿದ ಕ್ಯಾನೊಂದನ್ನು ಎಸೆದು ಇದನ್ನು ಅಭ್ಯಾಸ ಮಾಡಬಹುದು. ವಿಎಚ್‌ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್‌ನಲ್ಲಿ ಪ್ರಾಣಾಪಾಯದ ಕರೆಯಾದ ಮೇಡೇ ಎಂಬ ಪದವನ್ನು ಮೂರು ಸಲ ಹೇಳಿ, ದೋಣಿಯ ಹೆಸರು, ಇರುವ ಸ್ಥಳ, ಅಪಾಯದ ಸ್ವರೂಪ, ಜನರ ಸಂಖ್ಯೆ ತಿಳಿಸಬೇಕು. ಭಾರತೀಯ ತಟರಕ್ಷಣಾ ಪಡೆಯ ತುರ್ತು ಸಂಖ್ಯೆ 1554, ಜಲಾಶಯದಲ್ಲಾದರೆ 112.

ಹೊರಡುವ ಮುನ್ನ ಒಂದು ಹಾಳೆಯಲ್ಲಿ ದೋಣಿಯ ಹೆಸರು ಮತ್ತು ಬಣ್ಣ, ಒಳಗಿರುವವರ ಹೆಸರುಗಳು, ಹೊರಡುವ ಜಾಗ, ರಾತ್ರಿ ಲಂಗರು ಹಾಕಲಿರುವ ಜಾಗ, ತಲುಪುವ ಹೊತ್ತು ಇಷ್ಟನ್ನು ಬರೆದು ಊರಿನಲ್ಲಿರುವ ಜವಾಬ್ದಾರಿಯುತ ವ್ಯಕ್ತಿಯೊಬ್ಬರಿಗೆ ಕೊಡಿ. ಎಷ್ಟು ಗಂಟೆಯವರೆಗೆ ಕರೆ ಬರದಿದ್ದರೆ 1554ಕ್ಕೆ ತಿಳಿಸಬೇಕು ಎಂಬುದನ್ನೂ ಅದರಲ್ಲಿಯೇ ಬರೆದಿರಿ. ದಾರಿಯಲ್ಲಿ ಯೋಜನೆ ಬದಲಾದರೆ ಮೊಬೈಲ್ ಸಿಗ್ನಲ್ ಇರುವಾಗಲೇ ಅವರಿಗೆ ಹೇಳಿ, ತಲುಪಿ ಲಂಗರು ಹಿಡಿದಿದೆ ಎಂದು ಖಚಿತವಾದ ಮೇಲೆ ಮತ್ತೊಮ್ಮೆ ಕರೆ ಮಾಡಿ.